ಎರಡು-ಮೂರು ಇಂಟರ್ನೆಟ್ ಲೈನ್ ಮೇಲೆ ಪ್ರಾಕ್ಸಿ ಕ್ಯಾಶ್ ಹಂಚೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಲ್ಯಾಬು, ಹಾಸ್ಟೆಲ್ಲು, ಸಣ್ಣ ಆಫೀಸು, ಇಂಥ ಕಡೆ ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಅಂತ ಬರ್ದಿದೀನಿ. ಉದಾಹರಣೆಗೆ ಉದ್ದಕ್ಕೂ ಒಂದೇ ಸೆಟಪ್ ಇಟ್ಕೊಂಡಿದೀನಿ: 300 ಎಂಬಿಪಿಎಸ್‌ದು ಒಂದು ಫೈಬರ್ ಲೈನು, ಬೇರೆ ಕಂಪನಿದು 100 ಎಂಬಿಪಿಎಸ್‌ದು ಇನ್ನೊಂದು, 60 ಉಬುಂಟು ಮಷಿನ್ ಇರೋ ಒಂದು ಲ್ಯಾಬು, ಜೊತೆಗೆ ಹಾಸ್ಟೆಲ್ ವೈಫೈ. ಪ್ರಾಕ್ಸಿ ಅಂದ್ರೆ ಎಲ್ಲರ ಪರವಾಗಿ ಹೊರಗಿಂದ ಪುಟ, ಫೈಲು ತರೋ ಮಧ್ಯವರ್ತಿ, ಕ್ಯಾಶ್ ಅಂದ್ರೆ ಒಮ್ಮೆ ತಂದದ್ದನ್ನ ಮುಂದಿನವರಿಗೆ ಅಂತ ಅದು ಇಟ್ಕೊಳ್ಳೋ ಪ್ರತಿ. ಪ್ರಾಕ್ಸಿ ಅಂದಾಗೆಲ್ಲಾ ಸ್ಕ್ವಿಡ್ ಅನ್ನೋ ಸಾಫ್ಟ್‌ವೇರ್ ಅಂತಾನೇ ತಿಳ್ಕೊಳ್ಳಿ. 1996ರಲ್ಲಿ ಹಾರ್ವೆಸ್ಟ್ ಪ್ರಾಜೆಕ್ಟಿನ ಕೋಡಿಂದ ಹುಟ್ಟಿದ್ದು, ಇವತ್ತಿಗೂ ಈ ಕೆಲಸಕ್ಕೆ ಜನ ಮೊದಲು ಕೈ ಹಾಕೋದು ಅದಕ್ಕೇನೇ.

ಪೂರ್ತಿ ಓದಕ್ಕೆ ಟೈಮ್ ಇಲ್ಲ ಅಂದ್ರೆ ಇಷ್ಟು ಹಿಡ್ಕೊಳ್ಳಿ: ಕ್ಯಾಶ್ ಆಗೋ ಟ್ರಾಫಿಕ್ಕನ್ನ ಯುಆರ್‌ಎಲ್ ನೋಡಿ ಹಂಚಿ, ಕ್ಯಾಶ್ ಆಗ್ದೇ ಇರೋ ಲಾಗಿನ್-ಗೀಗಿನ್ ಇರೋ ಟ್ರಾಫಿಕ್ಕನ್ನ ಬಳಸೋರು ಯಾರು ಅಂತ ನೋಡಿ ಹಂಚಿ. ಎರಡನ್ನೂ ಒಂದೇ ರೌಂಡ್ ರಾಬಿನ್‌ಗೆ (ಸರದಿ ಪ್ರಕಾರ ಒಂದು ಈ ಕಡೆ, ಒಂದು ಆ ಕಡೆ) ಕಟ್ಟಿ ಹಾಕಿದ್ರೆ ಎರಡೂ ಕೆಡತ್ತೆ.

300 ಪ್ಲಸ್ 100 ಅಂದ್ರೆ 400 ಸ್ಪೀಡ್ ಬರತ್ತಾ?

ಒಟ್ಟು ಲೆಕ್ಕದಲ್ಲಿ ಬರತ್ತೆ, ಒಂದೇ ಡೌನ್‌ಲೋಡಲ್ಲಿ ಬರಲ್ಲ. ಎರಡು ಬಸ್ಸಿದ್ರೂ ಒಬ್ಬ ಪ್ರಯಾಣಿಕ ಕೂರೋದು ಒಂದರಲ್ಲೇ ಅಲ್ವಾ, ಹಂಗೇ ಒಂದು ಟಿಸಿಪಿ ಕನೆಕ್ಷನ್ ಒಂದು ಲೈನಲ್ಲೇ ಹೋಗತ್ತೆ. ನೂರು ಜನ ಒಟ್ಟಿಗೆ ಬಳಸಿದಾಗ ಎರಡೂ ಲೈನ್ ತುಂಬತ್ತೆ, ಆಗ ಕೊಟ್ಟ ದುಡ್ಡಿಗೆ ಬೆಲೆ. ಒಂದೇ ಕನೆಕ್ಷನ್ನನ್ನ ಎರಡು ಲೈನಿಗೆ ಸೀಳ್ಬೇಕು ಅಂದ್ರೆ ಮಲ್ಟಿಪಾತ್ ಟಿಸಿಪಿ ಥರದ್ದು ಬೇಕು, ಅದಕ್ಕೆ ಹೊರಗಡೆ ಡೇಟಾ ಸೆಂಟರಲ್ಲಿ ನಿಮ್ದೇ ಒಂದು ಸರ್ವರ್ ಬೇಕು, ಅದು ಬೇರೆ ದಾರಿ, ಇಲ್ಲಿ ಅದರ ಮಾತಿಲ್ಲ.

ಈಗೆಲ್ಲಾ ಎಚ್‌ಟಿಟಿಪಿಎಸ್ ಆಗೋಯ್ತಲ್ಲ, ಕ್ಯಾಶ್ ಇಟ್ಟು ಏನು ಪ್ರಯೋಜನ?

ಬ್ರೌಸಿಂಗ್‌ಗೆ ಅಂತ ಕೇಳಿದ್ರೆ ಹೆಚ್ಚುಕಮ್ಮಿ ಪ್ರಯೋಜನ ಇಲ್ಲ, ಇದನ್ನ ನೇರವಾಗೇ ಹೇಳ್ಬೇಕು. ಎಚ್‌ಟಿಟಿಪಿಎಸ್ ಸೈಟಿಗೆ ಬ್ರೌಸರು ಪ್ರಾಕ್ಸಿ ಹತ್ರ ಕನೆಕ್ಟ್ ಅಂತ ಒಂದು ರಿಕ್ವೆಸ್ಟ್ ಕಳ್ಸತ್ತೆ, ಆಮೇಲೆ ಒಳಗೆ ಹೋಗೋದೆಲ್ಲಾ ಎನ್‌ಕ್ರಿಪ್ಟ್ ಆಗಿರೋ ಸುರಂಗ, ಸ್ಕ್ವಿಡ್‌ಗೆ ಒಳಗಡೆ ಏನಿದೆ ಅಂತ ಕಾಣಲ್ಲ, ಕಾಣದೇ ಇರೋದನ್ನ ಇಟ್ಕೊಳ್ಳೋಕೂ ಆಗಲ್ಲ. ಯೂಟ್ಯೂಬ್ ವಿಡಿಯೋ ಕ್ಯಾಶ್ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದು ಹಳೇ ಕಾಲದ ಮಾತು.

ಆದ್ರೆ ಸಾಫ್ಟ್‌ವೇರ್ ಅಪ್ಡೇಟ್ ಕಥೆ ಬೇರೆ. ಉಬುಂಟು, ಡೆಬಿಯನ್ ಪ್ಯಾಕೇಜುಗಳು ಈಗ್ಲೂ ಮಾಮೂಲಿ ಎಚ್‌ಟಿಟಿಪಿಯಲ್ಲೇ ಬರತ್ತೆ, ಯಾಕಂದ್ರೆ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಇರತ್ತೆ, ದಾರೀಲಿ ಯಾರಾದ್ರೂ ತಿದ್ದಿದ್ರೆ ಮಷಿನ್ನೇ ಬೇಡ ಅನ್ನತ್ತೆ. ಲೆಕ್ಕ ಹಾಕಿ ನೋಡಿ. 300 ಎಂಬಿ ಅಪ್ಡೇಟ್ 60 ಮಷಿನ್‌ಗೆ ಬೇಕು ಅಂದ್ರೆ 18 ಜಿಬಿ. 100 ಎಂಬಿಪಿಎಸ್ ಲೈನನ್ನ ಪೂರ್ತಿ ಹೀರ್ಕೊಂಡ್ರೂ 24 ನಿಮಿಷ ಬೇಕು, ಅಷ್ಟೂ ಹೊತ್ತು ಬೇರೆ ಯಾರಿಗೂ ನೆಟ್ ಇಲ್ಲ. ಕ್ಯಾಶ್ ಇದ್ರೆ ಹೊರಗಿಂದ 300 ಎಂಬಿ ಒಂದೇ ಸಲ ಬರತ್ತೆ, ಮಿಕ್ಕಿದ್ದು ಲ್ಯಾಬಿನ ಗಿಗಾಬಿಟ್ ಸ್ವಿಚ್ ಮೇಲೆ ಓಡತ್ತೆ. ಈ ಒಂದು ಕೆಲಸಕ್ಕೇ ಕ್ಯಾಶ್ ಇಟ್ರೂ ಸಾರ್ಥಕ ಅನ್ನೋದು ನನ್ನ ಅಭಿಪ್ರಾಯ.

ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಚ್‌ಟಿಟಿಪಿಎಸ್, ಅವು ಈ ಲೆಕ್ಕಕ್ಕಿಲ್ಲ. ಫೆಡೋರಾ ಪ್ರತಿ ಸಲ ಬೇರೆ ಬೇರೆ ಮಿರರ್ (ಅದೇ ಫೈಲುಗಳ ನಕಲು ಇರೋ ಸರ್ವರ್) ಆರಿಸ್ಕೊಳ್ಳತ್ತೆ, ಹಂಗಾಗಿ ಒಂದೇ ಎಚ್‌ಟಿಟಿಪಿ ಮಿರರ್ ವಿಳಾಸ ಫಿಕ್ಸ್ ಮಾಡಿಟ್ರೆ ಮಾತ್ರ ಕ್ಯಾಶ್ ಕೆಲಸ ಮಾಡೋದು. ವಿಂಡೋಸ್ ಮಷಿನ್‌ಗಳಿಗೆ ಡೆಲಿವರಿ ಆಪ್ಟಿಮೈಸೇಶನ್ ಆನ್ ಮಾಡಿ, ಪಕ್ಕದ ಮಷಿನ್ನಿಂದಲೇ ಅಪ್ಡೇಟ್ ತಗೊಳ್ಳತ್ತೆ, ಸ್ಕ್ವಿಡ್ ಜೊತೆ ಗುದ್ದಾಡೋದಕ್ಕಿಂತ ಅದೇ ಸಲೀಸು.

ನಮ್ಮ ರೂಟರಲ್ಲೇ ಲೋಡ್ ಬ್ಯಾಲೆನ್ಸಿಂಗ್ ಇದೆ. ಪ್ರಾಕ್ಸಿಯನ್ನ ಅದರ ಹಿಂದೆ ಇಟ್ರೆ ತಾನಾಗೇ ಹಂಚಿಹೋಗಲ್ವಾ?

ಜಾಸ್ತಿ ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ರೂಟರ್ ಟ್ರಾಫಿಕ್ ಹಂಚೋದು ಪ್ಯಾಕೆಟ್ಟಿನ ವಿಳಾಸ ನೋಡ್ಕೊಂಡು. ಮೈಕ್ರೋಟಿಕ್ ರೂಟರಲ್ಲಿ ಪಿಸಿಸಿ ಅಂತ ಕನೆಕ್ಷನ್ ಹಂಚೋ ವಿಧಾನ ಇದೆಯಲ್ಲ, ಅದನ್ನ ಸೋರ್ಸ್ ಅಡ್ರೆಸ್ (ಕಳಿಸಿದ ಮಷಿನ್ನಿನ ವಿಳಾಸ) ಮೇಲೆ ಇಟ್ಟಿದ್ರೆ ಈ ಹುಡುಗನ ಲ್ಯಾಪ್‌ಟಾಪು ಒಂದನೇ ಲೈನು, ಆ ಹುಡುಗೀದು ಎರಡನೇ ಲೈನು ಅಂತ ಚೆನ್ನಾಗಿ ಹಂಚಿಕೆ ಆಗತ್ತೆ. ಮಧ್ಯದಲ್ಲಿ ಪ್ರಾಕ್ಸಿ ತಂದಿಟ್ರಿ ಅಂದ್ಕೊಳ್ಳಿ. ಈಗ ರೂಟರ್ ಕಣ್ಣಿಗೆ ಐನೂರು ಜನ ಕಾಣಲ್ಲ, ಒಬ್ಬನೇ ಕಾಣ್ತಾನೆ, ಅವನೇ ಪ್ರಾಕ್ಸಿ. ಸೋರ್ಸ್ ಒಂದೇ ಅಂದ್ಮೇಲೆ ಎಲ್ಲಾ ಟ್ರಾಫಿಕ್ಕೂ ಒಂದೇ ಲೈನಿಗೆ ಬೀಳತ್ತೆ, ಇನ್ನೊಂದು ಲೈನು ಖಾಲಿ ಕೂತಿರತ್ತೆ.

ಸರಿ, ಪೋರ್ಟ್ ಸಮೇತ ನೋಡಿ ಹಂಚು ಅಂತ ಹೇಳ್ಬೋದು, ಲಿನಕ್ಸಲ್ಲಾದ್ರೆ ಮಲ್ಟಿಪಾತ್ ಹ್ಯಾಶ್ ಪಾಲಿಸಿ 1 ಅಂತ ಇಡ್ಬೋದು. ಆಗ ಎರಡೂ ಲೈನ್ ತುಂಬತ್ತೆ ಆದ್ರೆ ಒಬ್ಬನೇ ಮನುಷ್ಯನ ಹತ್ತು ಕನೆಕ್ಷನ್ನಲ್ಲಿ ಐದು ಈ ಕಡೆ ಐದು ಆ ಕಡೆ ಹೋಗತ್ತೆ, ಸೈಟಿನವರಿಗೆ ಒಂದೇ ಲಾಗಿನ್ ಎರಡು ಪಬ್ಲಿಕ್ ಐಪಿಯಿಂದ ಬರ್ತಿರೋ ಹಂಗೆ ಕಾಣತ್ತೆ, ಬ್ಯಾಂಕ್ ಸೈಟು ಹೊರಗೆ ತಳ್ಳತ್ತೆ. ಅಂದ್ರೆ ಪ್ರಾಕ್ಸಿ ಬಂದ ಮೇಲೆ ಯಾರು ಏನು ಅನ್ನೋದು ಗೊತ್ತಿರೋದು ಪ್ರಾಕ್ಸಿಗೆ ಮಾತ್ರ, ಹಂಗಾಗಿ ಯಾವ ಲೈನು ಅನ್ನೋ ತೀರ್ಮಾನವನ್ನೂ ಪ್ರಾಕ್ಸಿಯೇ ಮಾಡ್ಬೇಕು. ರೂಟರ್ ಆ ತೀರ್ಮಾನವನ್ನ ಪಾಲಿಸಿದ್ರೆ ಸಾಕು.

ಒಂದೇ ಸ್ಕ್ವಿಡ್ ಇಟ್ಕೊಂಡು ಎರಡೂ ಲೈನ್ ಬಳಸಕ್ಕಾಗತ್ತಾ?

ಆಗತ್ತೆ. ‘ಟಿಸಿಪಿ_ಔಟ್‌ಗೋಯಿಂಗ್_ಅಡ್ರೆಸ್’ ಅಂತ ಒಂದು ಸೆಟಿಂಗ್ ಇದೆ. ಪ್ರಾಕ್ಸಿ ಮಷಿನ್‌ಗೆ 10.0.0.11, 10.0.0.12 ಅಂತ ಎರಡು ಐಪಿ ಕೊಟ್ಟು, ಲ್ಯಾಬಿನ ಸಬ್‌ನೆಟ್ ಬಂದ್ರೆ ಮೊದಲನೇದು, ಹಾಸ್ಟೆಲ್ ಬಂದ್ರೆ ಎರಡನೇದು ಅಂತ ಎಸಿಎಲ್ (ಯಾರಿಗೆ ಏನು ಅನ್ನೋ ನಿಯಮ) ಬರೀರಿ.

ಎರಡು ವಿಷಯ ಗಮನದಲ್ಲಿರ್ಲಿ. ಒಂದು, ಈ ಸೆಟಿಂಗು ಸೋರ್ಸ್ ವಿಳಾಸ ಬದಲಾಯಿಸತ್ತೆ ಅಷ್ಟೇ, ಲೈನ್ ಬದಲಾಯಿಸಲ್ಲ. 10.0.0.11ರಿಂದ ಬಂದದ್ದನ್ನ ಒಂದನೇ ಲೈನಿಗೆ ಕಳ್ಸು ಅಂತ ರೂಟರಲ್ಲೋ ಲಿನಕ್ಸಿನ ‘ಐಪಿ ರೂಲ್’ನಲ್ಲೋ ಬೇರೆಯಾಗಿ ಹೇಳ್ಬೇಕು. ಇದನ್ನ ಬಿಟ್ಬಿಟ್ಟು ಸ್ಕ್ವಿಡ್ ಕೆಲಸ ಮಾಡ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ತುಂಬಾ ಜನ. ಎರಡು, ಸ್ಕ್ವಿಡ್ ಒಂದು ಸೈಟಿಗೆ ತೆಗೆದಿರೋ ಕನೆಕ್ಷನ್ನನ್ನ ತೆರೆದೇ ಇಟ್ಕೊಂಡು ಮುಂದಿನ ರಿಕ್ವೆಸ್ಟಿಗೂ ಬಳಸತ್ತೆ, ಅದು ಬೇರೆ ಬಳಕೆದಾರಂದು ಆಗಿರ್ಬೋದು, ಅವನಿಗೆ ನೀವು ಬೇರೆ ಲೈನ್ ಗೊತ್ತು ಮಾಡಿರ್ಬೋದು. ಅದಕ್ಕೇ ಹಿಂಗೆ ಬಳಕೆದಾರನ ಮೇಲೆ ಲೈನ್ ಹಂಚೋವಾಗ ‘ಸರ್ವರ್_ಪರ್ಸಿಸ್ಟೆಂಟ್_ಕನೆಕ್ಷನ್ಸ್’ ಆಫ್ ಮಾಡಿ ಅಂತ ಸ್ಕ್ವಿಡ್ಡಿನ ಸ್ವಂತ ಡಾಕ್ಯುಮೆಂಟೇ ಹೇಳತ್ತೆ.

ಐವತ್ತು-ನೂರು ಜನ ಇರೋ ಆಫೀಸಿಗೆ ಇಷ್ಟು ಸಾಕು, ಮುಂದಿಂದೆಲ್ಲಾ ಬೇಕಾಗಲ್ಲ.

ಹಂಗಾದ್ರೆ ಲೈನಿಗೊಂದು ಸ್ಕ್ವಿಡ್ ಯಾಕೆ ಇಡ್ತಾರೆ?

ಪ್ರತಿ ಲೈನಿಗೆ ಅದರದ್ದೇ ಡಿಎನ್‌ಎಸ್, ಅದರದ್ದೇ ಡಿಸ್ಕು, ಅದರದ್ದೇ ಲಾಗು ಇದ್ರೆ ಏನಾದ್ರೂ ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಬೇಗ ಸಿಗತ್ತೆ. ಒಂದು ಮಷಿನ್ ಸತ್ರೂ ಇನ್ನೊಂದು ನಡೆಸತ್ತೆ. ನನಗೆ ಹಿಡಿಸಿರೋ ಜೋಡಣೆ ಹಿಂಗೆ: ಮುಂದೆ ಒಂದು ಸ್ಕ್ವಿಡ್, ಅದಕ್ಕೆ ಡಿಸ್ಕ್ ಇಲ್ಲ, ‘ಕ್ಯಾಶ್ ಡಿನೈ ಆಲ್’ ಅಂತ ಹಾಕಿರತ್ತೆ, ಅದರ ಕೆಲಸ ಹಂಚೋದು ಮಾತ್ರ. ಹಿಂದೆ ಎರಡು ಸ್ಕ್ವಿಡ್, 10.0.0.11 ಮತ್ತೆ 10.0.0.12, ಡಿಸ್ಕ್ ಇರೋದು ಇವುಕ್ಕೆ. ರೂಟರಲ್ಲಿ ಎರಡೇ ನಿಯಮ, 11 ಬಂದ್ರೆ ಒಂದನೇ ಲೈನು, 12 ಬಂದ್ರೆ ಎರಡನೇ ಲೈನು. ಹಿಂದಿನ ಪ್ರಾಕ್ಸಿಗಳಿಗೆ ಲೈನ್ ಬಗ್ಗೆ ಏನೂ ಗೊತ್ತಿರ್ಬೇಕಾಗಿಲ್ಲ.

ಮೂರನ್ನೂ ಒಂದೇ ಮಷಿನ್ ಮೇಲೆ ಓಡಿಸ್ಬೋದು, ಪೋರ್ಟು, ಪಿಐಡಿ ಫೈಲು, ಕ್ಯಾಶ್ ಫೋಲ್ಡರು ಬೇರೆ ಬೇರೆ ಇರ್ಬೇಕು, ಮತ್ತೆ ‘ಯುನಿಕ್_ಹೋಸ್ಟ್‌ನೇಮ್’ ಬೇರೆ ಬೇರೆ ಇರ್ಲೇಬೇಕು. ಸ್ಕ್ವಿಡ್ ತನ್ನ ಹೆಸರನ್ನ ವಯಾ ಹೆಡರಲ್ಲಿ (ರಿಕ್ವೆಸ್ಟ್ ಯಾವ ಪ್ರಾಕ್ಸಿ ದಾಟಿ ಬಂತು ಅನ್ನೋ ಸಾಲು) ಬರೀತಾ ಹೋಗತ್ತೆ, ಹಿಂದಿನ ಸ್ಕ್ವಿಡ್‌ಗೆ ಅದರಲ್ಲಿ ತನ್ನದೇ ಹೆಸರು ಕಂಡ್ರೆ ರಿಕ್ವೆಸ್ಟ್ ಸುತ್ತು ಹೊಡೀತಿದೆ ಅಂದ್ಕೊಂಡು ಫಾರ್ವರ್ಡಿಂಗ್ ಲೂಪ್ ಅಂತ ಎರರ್ ಬರೀತಾ ಕೂರತ್ತೆ.

ಮುಂದಿನ ಸ್ಕ್ವಿಡ್ ರೌಂಡ್ ರಾಬಿನ್ ಮಾಡಿದ್ರೆ ಸಾಕಲ್ವಾ?

ಸಾಲದು. ರೌಂಡ್ ರಾಬಿನ್ ಅಂದ್ರೆ ಒಂದು ರಿಕ್ವೆಸ್ಟ್ ಈ ಕಡೆ, ಮುಂದಿನದ್ದು ಆ ಕಡೆ. ಅದೇ 300 ಎಂಬಿ ಫೈಲು ಎರಡೂ ಕ್ಯಾಶ್‌ಗೆ ಬಂದು ಕೂರತ್ತೆ, ಹೊರಗಿಂದ ಎರಡು ಸಲ ಬರತ್ತೆ, ಎರಡು ಡಿಸ್ಕ್ ಇದ್ರೂ ಒಂದು ಡಿಸ್ಕಿನಷ್ಟೇ ಉಪಯೋಗ.

ಅದಕ್ಕೆ ಪರಿಹಾರ ಕಾರ್ಪ್. ಕ್ಯಾಶ್ ಅರೇ ರೂಟಿಂಗ್ ಪ್ರೋಟೋಕಾಲ್ ಅನ್ನೋದರ ಚಿಕ್ಕ ಹೆಸರು, 1990ರ ದಶಕದ ಕೊನೇದು. ಯುಆರ್‌ಎಲ್ ಮತ್ತೆ ಪ್ರತಿ ಕ್ಯಾಶ್‌ನ ಹೆಸರು ಸೇರಿಸಿ ಒಂದು ಹ್ಯಾಶ್ ಲೆಕ್ಕ ಹಾಕತ್ತೆ, ಯಾವ ಕ್ಯಾಶ್‌ಗೆ ಜಾಸ್ತಿ ಅಂಕ ಬಂತೋ ಆ ಯುಆರ್‌ಎಲ್ ಯಾವಾಗ್ಲೂ ಅದಕ್ಕೇ. ಒಂದು ಫೈಲು ಒಂದೇ ಕಡೆ ಇರತ್ತೆ, ಕ್ಯಾಶ್‌ಗಳು ಒಂದನ್ನೊಂದು ಕೇಳ್ಕೊಳ್ಳೋ ಅವಶ್ಯಕತೆನೇ ಇಲ್ಲ. ‘ಕ್ಯಾಶ್_ಪೀರ್’ (ಹಿಂದಿನ ಸ್ಕ್ವಿಡ್ ಯಾವುದು ಅಂತ ಹೇಳೋದು) ಸಾಲಿನ ಕೊನೆಗೆ ಕಾರ್ಪ್ ಅಂತ ಸೇರಿಸಿದ್ರೆ ಆಯ್ತು.

ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಎಚ್‌ಟಿಟಿಪಿಎಸ್‌ಗೆ ತೊಂದ್ರೆ. ಕನೆಕ್ಟ್ ರಿಕ್ವೆಸ್ಟಲ್ಲಿ ಕಾರ್ಪ್‌ಗೆ ಕಾಣೋದು ಹೋಸ್ಟ್ ಹೆಸರು ಮತ್ತೆ ಪೋರ್ಟ್ ಮಾತ್ರ. ಲಾಗಿನ್ ಪುಟ ಒಂದು ಹೋಸ್ಟಲ್ಲಿ, ಪೇಮೆಂಟ್ ಪುಟ ಇನ್ನೊಂದು ಹೋಸ್ಟಲ್ಲಿ ಇರೋ ಸೈಟುಗಳಿಗೆ ಅವು ಎರಡು ಬೇರೆ ಲೈನಿಗೆ ಬೀಳ್ಬೋದು. ಹಂಗಾಗಿ ಕನೆಕ್ಟ್‌ಗೆ ‘ಸೋರ್ಸ್‌ಹ್ಯಾಶ್’ ಬಳಸಿ, ಅದು ಬಳಸೋರ ಐಪಿ ನೋಡಿ ಹಂಚೋದು, ಒಬ್ಬರ ಎಲ್ಲಾ ಲಾಗಿನ್ನೂ ಒಂದೇ ಲೈನು.

ಎರಡನ್ನೂ ಒಟ್ಟಿಗೆ ಇಡೋ ರೀತಿ: ಅದೇ 10.0.0.11ನ್ನ ಎರಡು ಸಲ ಬರೀರಿ, ಒಂದ್ಸಲ ಕಾರ್ಪ್ ಅಂತ, ಇನ್ನೊಂದ್ಸಲ ಸೋರ್ಸ್‌ಹ್ಯಾಶ್ ಅಂತ, ‘ನೇಮ್’ ಆಪ್ಷನ್ನಲ್ಲಿ ಬೇರೆ ಬೇರೆ ಹೆಸರು ಕೊಡಿ. 12ಕ್ಕೂ ಹಂಗೇ. ಆಮೇಲೆ ‘ಕ್ಯಾಶ್_ಪೀರ್_ಆಕ್ಸೆಸ್’ನಲ್ಲಿ ಕನೆಕ್ಟ್ ಆದ್ರೆ ಸೋರ್ಸ್‌ಹ್ಯಾಶ್ ಹೆಸರಿನವು, ಅಲ್ಲದಿದ್ರೆ ಕಾರ್ಪ್ ಹೆಸರಿನವು ಅಂತ ಬೇರ್ಪಡಿಸಿ. ‘ನೋ-ಕ್ವೆರಿ’ (ಫೈಲ್ ಇದೆಯಾ ಅಂತ ಮೊದಲೇ ಕೇಳ್ಬೇಡ ಅನ್ನೋದು) ಹಾಕೋದು ಮರೀಬೇಡಿ. ಕೊನೆಗೆ ‘ನೆವರ್_ಡೈರೆಕ್ಟ್ ಅಲೌ ಆಲ್’. ಇದಿಲ್ಲ ಅಂದ್ರೆ ಸ್ಕ್ವಿಡ್ಡು ಕನೆಕ್ಟ್ ರಿಕ್ವೆಸ್ಟನ್ನ ಹಿಂದಿನವರಿಗೆ ಕೊಡದೆ ತಾನೇ ನೇರವಾಗಿ ಹೊರಗೆ ಕಳ್ಸತ್ತೆ, ನೀವು ಬರ್ದಿರೋದೆಲ್ಲಾ ನೀರಲ್ಲಿ ಹೋಮ.

300 ಮತ್ತೆ 100 ಸಮ ಅಲ್ವಲ್ಲ, 3ಕ್ಕೆ 1ರ ಲೆಕ್ಕದಲ್ಲಿ ಹಂಚೋದು ಹೆಂಗೆ?

‘ವೇಟ್=3’, ‘ವೇಟ್=1’ ಅಂತ ಕೊಡಿ, ಕಾರ್ಪ್‌ಗೂ ಸೋರ್ಸ್‌ಹ್ಯಾಶ್‌ಗೂ ನಡಿಯತ್ತೆ. ‘ವೇಟೆಡ್-ರೌಂಡ್-ರಾಬಿನ್’ ಅನ್ನೋ ಹೆಸರು ನೋಡಿ ಅದೇ ಇರ್ಬೇಕು ಅಂದ್ಕೋಬೇಡಿ, ಅದು ಯಾವ ಪೇರೆಂಟ್ (ಹಿಂದಿನ ಸ್ಕ್ವಿಡ್) ಬೇಗ ಉತ್ತರ ಕೊಡತ್ತೆ ಅಂತ ರೌಂಡ್ ಟ್ರಿಪ್ ಟೈಮ್ ನೋಡಿ ಹಂಚೋದು, ನಿಮ್ಮ ಎರಡು ಕ್ಯಾಶೂ ಒಂದೇ ಸ್ವಿಚ್ಚಲ್ಲಿ ಕೂತಿರೋವಾಗ ಅದಕ್ಕೆ ಅರ್ಥ ಇಲ್ಲ.

ಎಫ್‌ಯುಪಿ (ಇಷ್ಟು ಜಿಬಿ ಆದ್ಮೇಲೆ ಸ್ಪೀಡ್ ಇಳಿಸೋ ಮಿತಿ) ಇರೋ ಲೈನಿದ್ರೆ ವೇಟ್ ಹಾಕೋವಾಗ ಸ್ಪೀಡ್ ಮಾತ್ರ ನೋಡ್ಬೇಡಿ, ತಿಂಗಳಿಗೆ ಎಷ್ಟು ಜಿಬಿ ಅನ್ನೋದೂ ನೋಡಿ.

ಐಸಿಪಿ ಬೇಕಾ?

ಮೇಲಿನ ಜೋಡಣೆಗೆ ಬೇಡ. ಐಸಿಪಿ ಅಂದ್ರೆ ಒಂದು ಕ್ಯಾಶು ಪಕ್ಕದ ಕ್ಯಾಶನ್ನ ಈ ಫೈಲ್ ನಿನ್ನತ್ರ ಇದೆಯಾ ಅಂತ ಯುಡಿಪಿ 3130ನೇ ಪೋರ್ಟಲ್ಲಿ ಕೇಳೋದು, 1997ರ ಆರ್‌ಎಫ್‌ಸಿ 2186ರಲ್ಲಿದೆ. ಪಕ್ಕದವನು ಉತ್ತರ ಕೊಡದಿದ್ರೆ ಕಾಯ್ಬೇಕು. ಎರಡು ಬ್ಲಾಕಲ್ಲಿ ಸ್ವತಂತ್ರವಾಗಿ ಬೆಳ್ದಿರೋ ಎರಡು ಹಳೇ ಪ್ರಾಕ್ಸಿ ಇದ್ದು ಅವನ್ನ ಅಕ್ಕಪಕ್ಕದವರ ಥರ ಸೇರಿಸ್ಬೇಕು ಅಂದ್ರೆ ಮಾತ್ರ ಯೋಚಿಸಿ.

ಒಂದು ಲೈನ್ ಹೋದ್ರೆ ಏನಾಗತ್ತೆ? ಸ್ಕ್ವಿಡ್ ತಾನೇ ಗೊತ್ತುಮಾಡ್ಕೊಳ್ಳಲ್ವಾ?

ಇಲ್ಲ, ಇಲ್ಲೇ ಎಚ್ಚರ ಬೇಕು. ಮುಂದಿನ ಸ್ಕ್ವಿಡ್ ನೋಡೋದು ಹಿಂದಿನ ಸ್ಕ್ವಿಡ್ ಬದುಕಿದೆಯಾ ಅಂತ ಮಾತ್ರ. ರಸ್ತೆ ಅಗೆಯೋವಾಗ ಫೈಬರ್ ಕಟ್ ಆಯ್ತು, 10.0.0.11 ಮಷಿನ್ ಮಾತ್ರ ಆರಾಮಾಗಿ ಓಡ್ತಿದೆ, 3128ನೇ ಪೋರ್ಟಲ್ಲಿ ಕನೆಕ್ಷನ್ ತಗೊಳ್ತಿದೆ. ಮುಂದಿನ ಸ್ಕ್ವಿಡ್ ಕಣ್ಣಿಗೆ ಎಲ್ಲಾ ಸರಿಯಾಗೇ ಇದೆ, ಹಂಗಾಗಿ ನಾಲ್ಕರಲ್ಲಿ ಮೂರು ಪಾಲು ಟ್ರಾಫಿಕ್ಕನ್ನ ಅಲ್ಲಿಗೇ ಕಳಿಸ್ತಾ ಇರತ್ತೆ, ಜನಕ್ಕೆ 503, 504 ಎರರ್ ಪುಟ. ಲೈನು ಸತ್ತಿದೆ ಪ್ರಾಕ್ಸಿ ಸತ್ತಿಲ್ಲ ಅನ್ನೋ ಈ ಪರಿಸ್ಥಿತಿ, ಪ್ರಾಕ್ಸಿಯೇ ಪೂರ್ತಿ ಸಾಯೋದಕ್ಕಿಂತ ಕೆಟ್ಟದ್ದು.

ದಾರಿ ಎರಡಿವೆ. ಒಂದು, ಲೈನ್ ಹೋದಾಗ ಸ್ಕ್ರಿಪ್ಟ್ ಮೂಲಕ ಆ ಸ್ಕ್ವಿಡ್ಡಿನ ಪೋರ್ಟನ್ನೇ ಫೈರ್‌ವಾಲಲ್ಲಿ ಮುಚ್ಚೋದು, ಆಗ ಮುಂದಿನದ್ದು ಇದನ್ನ ಸತ್ತದ್ದು ಅಂತ ಗುರುತು ಮಾಡ್ಕೊಂಡು ಎಲ್ಲವನ್ನೂ ಇನ್ನೊಂದಕ್ಕೆ ಕಳ್ಸತ್ತೆ, ಸೆಟಿಂಗ್ ಬದಲಾಯಿಸದೆ ಸುಮ್ನೆ ಬಿಟ್ರೆ 10 ಸಲ ಫೇಲ್ ಆದ್ಮೇಲೆ. ಇನ್ನೊಂದು, ರೂಟರಲ್ಲೇ 11ಕ್ಕೆ ಮೊದಲ ಆಯ್ಕೆ ಒಂದನೇ ಲೈನು, ಅದಿಲ್ಲದಿದ್ರೆ ಎರಡನೇ ಲೈನು ಅಂತ ಇಡೋದು. ಪಿಎಫ್‌ಸೆನ್ಸಲ್ಲಾದ್ರೆ ಗೇಟ್‌ವೇ ಗ್ರೂಪ್ ಮಾಡಿ ಟಿಯರ್ 1, ಟಿಯರ್ 2 ಕೊಡೋದು, ಮೈಕ್ರೋಟಿಕ್ಕಲ್ಲಾದ್ರೆ ಒಂದೇ ಟೇಬಲ್ಲಲ್ಲಿ ಡಿಸ್ಟೆನ್ಸ್ 1, ಡಿಸ್ಟೆನ್ಸ್ 2 ಅಂತ ಎರಡು ರೂಟ್. ನನಗೆ ಎರಡನೇದೇ ಸರಿ ಅನ್ಸೋದು, ಯಾಕಂದ್ರೆ 11ರ ಡಿಸ್ಕಲ್ಲಿರೋ ಫೈಲುಗಳು ಲೈನ್ ಇಲ್ಲದಿರೋ ಹೊತ್ತಲ್ಲೇ ಹೆಚ್ಚು ಬೇಕಾಗೋದು, ಅವನ್ನ ಮುಚ್ಚಿಡೋದು ಯಾವ ನ್ಯಾಯ.

ಲೈನ್ ಇದೆಯಾ ಇಲ್ವಾ ಅಂತ ಪರೀಕ್ಷೆ ಮಾಡೋವಾಗ ಗೇಟ್‌ವೇಗೆ ಪಿಂಗ್ ಮಾಡಿ ಸುಮ್ನಾಗ್ಬೇಡಿ. ಗೇಟ್‌ವೇ ಅಂದ್ರೆ ಹೆಚ್ಚಿನ ಸಲ ನಿಮ್ಮ ರ‍್ಯಾಕಲ್ಲೇ ಕೂತಿರೋ ಫೈಬರ್ ಮೋಡೆಮ್ಮು, ಆಚೆ ಫೈಬರ್ ತುಂಡಾಗಿದ್ರೂ ಅದು ಪಿಂಗಿಗೆ ಉತ್ತರ ಕೊಡ್ತಾನೇ ಇರತ್ತೆ. 8.8.8.8, 1.1.1.1 ಥರ ಹೊರಗಿನ ಎರಡು ವಿಳಾಸವನ್ನ ಆಯಾ ಲೈನಿಂದಲೇ ಪಿಂಗ್ ಮಾಡಿ, ಎರಡೂ ಸತತ ಮೂರು ಸಲ ಬರ್ಲಿಲ್ಲ ಅಂದ್ರೆ ಲೈನ್ ಹೋಗಿದೆ ಅಂತ ತೀರ್ಮಾನ ಮಾಡಿ. ಮೈಕ್ರೋಟಿಕ್ಕಲ್ಲಿ ರಿಕರ್ಸಿವ್ ರೂಟ್ ಬರೆಯೋದು ಇದಕ್ಕೇ.

ಡಿಎನ್‌ಎಸ್ ಯಾವುದು ಹಾಕ್ಲಿ? ಎಲ್ಲದಕ್ಕೂ ಒಂದೇ ಹಾಕಿದ್ರೆ ಏನು?

ಓಡತ್ತೆ, ಆದ್ರೆ ಚೆನ್ನಾಗಿ ಓಡಲ್ಲ. ಗೂಗಲ್, ನೆಟ್‌ಫ್ಲಿಕ್ಸ್ ಥರದವರು ತಮ್ಮ ಸರ್ವರುಗಳನ್ನ ಇಂಟರ್ನೆಟ್ ಕಂಪನಿಗಳ ನೆಟ್‌ವರ್ಕ್ ಒಳಗೇ ಇಟ್ಟಿರ್ತಾರೆ. ಒಂದನೇ ಕಂಪನಿಯ ಡಿಎನ್‌ಎಸ್ ಕೇಳಿದ್ರೆ ಅದರ ಒಳಗಿರೋ ಸರ್ವರ್ ವಿಳಾಸ ಸಿಗೋ ಸಾಧ್ಯತೆ ಹೆಚ್ಚು. ಆ ವಿಳಾಸಕ್ಕೆ ಎರಡನೇ ಕಂಪನಿಯ ಲೈನಿಂದ ಹೋದ್ರೆ ಹತ್ತಿರದ ದಾರಿ ಬಿಟ್ಟು ಸುತ್ತಿ ಬಳಸಿ ಹೋದ ಹಾಗಾಗತ್ತೆ, ವಿಡಿಯೋ ನಿಧಾನ ಆಗತ್ತೆ. ಕೆಲವು ಕಂಪನಿಗಳ ಡಿಎನ್‌ಎಸ್ ಹೊರಗಿನ ಲೈನಿಂದ ಬಂದ ಪ್ರಶ್ನೆಗೆ ಉತ್ತರಾನೇ ಕೊಡಲ್ಲ.

ಲೈನಿಗೊಂದು ಸ್ಕ್ವಿಡ್ ಇದ್ರೆ ಇದು ಸುಲಭವಾಗಿ ಬಗೆಹರಿಯತ್ತೆ. ಹಿಂದಿನ ಪ್ರತಿ ಸ್ಕ್ವಿಡ್‌ಗೂ ‘ಡಿಎನ್‌ಎಸ್_ನೇಮ್‌ಸರ್ವರ್ಸ್’ನಲ್ಲಿ ಅದರದ್ದೇ ಲೈನಿನ ಡಿಎನ್‌ಎಸ್ ಕೊಡಿ, ಎರಡನೇ ಸಾಲಿಗೆ ಒಂದು ಪಬ್ಲಿಕ್ ಡಿಎನ್‌ಎಸ್ ಇರ್ಲಿ, ಲೈನ್ ಬದಲಾದಾಗ ಕೈಹಿಡಿಯತ್ತೆ.

ಐಪಿವಿ6 ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಒಂದು ಲೈನಲ್ಲಿ ಐಪಿವಿ6 ಇದೆ, ಇನ್ನೊಂದರಲ್ಲಿ ಇಲ್ಲ ಅನ್ನೋದು ಮಾಮೂಲು. ಒಂದೇ ಸ್ಕ್ವಿಡ್ ಇರೋ ಸೆಟಪ್ಪಲ್ಲಿ ಆಗ ಗೂಗಲ್ಲು, ಯೂಟ್ಯೂಬು, ಫೇಸ್‌ಬುಕ್ಕು ಎಲ್ಲಾ ಐಪಿವಿ6 ಇರೋ ಲೈನಿಗೇ ಮುಗಿಬೀಳತ್ತೆ, ನೀವು ಐಪಿವಿ4ಗೆ ಬರ್ದಿರೋ ನಿಯಮಕ್ಕೂ ಅದಕ್ಕೂ ಸಂಬಂಧ ಇರಲ್ಲ. ಎರಡೂ ಲೈನಿಗೆ ಸರಿಯಾಗಿ ಮಾಡೋ ತನಕ ಪ್ರಾಕ್ಸಿಯಿಂದ ಹೊರಗೆ ಹೋಗೋ ಐಪಿವಿ6 ನಿಲ್ಲಿಸಿಡೋದು ವಾಸಿ.

ಎರಡೂ ಮೋಡೆಮ್ 192.168.1.1 ಅಂತಾನೇ ಇದೆ, ರೂಟಿಂಗ್ ಹುಚ್ಚುಚ್ಚಾಗಿ ಆಡ್ತಿದೆ.

ಒಂದರ ಒಳಗಿನ ನೆಟ್‌ವರ್ಕನ್ನ 192.168.2.1ಕ್ಕೆ ಬದಲಾಯಿಸಿ. ಸಾಧ್ಯ ಆದ್ರೆ ಕಂಪನಿಯವರಿಗೆ ಹೇಳಿ ಬ್ರಿಜ್ ಮೋಡ್ (ಮೋಡೆಮ್ ತಾನು ರೂಟರ್ ಆಗದೆ ಲೈನನ್ನ ನೇರವಾಗಿ ದಾಟಿಸೋದು) ಮಾಡಿಸ್ಕೊಳ್ಳಿ. ಲಿನಕ್ಸೇ ರೂಟರ್ ಆಗಿದ್ರೆ ‘ಆರ್‌ಪಿ_ಫಿಲ್ಟರ್’ 1ರಲ್ಲಿದೆಯಾ ನೋಡಿ, ಹೋದ ದಾರೀಲೇ ಬರ್ಬೇಕು ಅಂತ ಅದು ಹಟ ಹಿಡಿದು ಎರಡನೇ ಲೈನಿನ ಉತ್ತರಗಳನ್ನ ಸದ್ದಿಲ್ಲದೆ ಬಿಸಾಕತ್ತೆ, 2ಕ್ಕೆ ಇಡಿ.

ಬ್ರೌಸರಿಗೆ ಪ್ರಾಕ್ಸಿ ಹೇಳೋದು ಹೆಂಗೆ? ಪ್ಯಾಕ್ ಫೈಲಲ್ಲೇ ಲೋಡ್ ಬ್ಯಾಲೆನ್ಸ್ ಮಾಡ್ಬೋದಂತೆ?

ಮಾಡ್ಬೋದು, ಪ್ಯಾಕ್ ಫೈಲ್ ಅಂದ್ರೆ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಫಂಕ್ಷನ್, ಯುಆರ್‌ಎಲ್ ಕೊಟ್ರೆ ಯಾವ ಪ್ರಾಕ್ಸಿ ಅಂತ ಹೇಳತ್ತೆ, ಮೊದಲನೇದು ಸಿಗ್ಲಿಲ್ಲ ಅಂದ್ರೆ ಎರಡನೇದು ಅಂತಾನೂ ಬರೀಬೋದು. ಮುಂದಿನ ಸ್ಕ್ವಿಡ್ಡೇ ಬೇಡ ಅನ್ನೋರಿಗೆ ಚೆನ್ನಾಗಿದೆ. ಒಂದೇ ಮಿತಿ, ಈಗಿನ ಬ್ರೌಸರುಗಳು ಎಚ್‌ಟಿಟಿಪಿಎಸ್ ವಿಳಾಸದ ಹೋಸ್ಟ್ ಭಾಗ ಮಾತ್ರ ಪ್ಯಾಕ್ ಫೈಲಿಗೆ ಕೊಡತ್ತೆ. ಮೊಬೈಲ್ ಆ್ಯಪುಗಳು ಎಷ್ಟೋ ಸಲ ಪ್ರಾಕ್ಸಿ ಸೆಟಿಂಗನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅದಕ್ಕೆ ನನ್ನ ಸಲಹೆ, ಲ್ಯಾಬ್ ಮಷಿನ್‌ಗಳಿಗೆ ಪ್ರಾಕ್ಸಿ ಕೊಡಿ, ಹಾಸ್ಟೆಲ್ ಫೋನುಗಳನ್ನ ಪ್ರಾಕ್ಸಿ ಇಲ್ಲದೆ ನೇರವಾಗಿ ರೂಟರಿಗೇ ಬಿಟ್ಟು ಸೋರ್ಸ್ ಮೇಲೆ ಹಂಚಿ. ಫೋನಿನ ಟ್ರಾಫಿಕ್ಕಲ್ಲಿ ಕ್ಯಾಶ್ ಆಗೋದು ಏನೂ ಇಲ್ಲ, ಸುಮ್ನೆ ಪ್ರಾಕ್ಸಿಗೆ ಭಾರ.

ಎಸ್‌ಎಸ್‌ಎಲ್ ಬಂಪ್ ಮಾಡಿ ಎಚ್‌ಟಿಟಿಪಿಎಸ್ಸನ್ನೂ ಕ್ಯಾಶ್ ಮಾಡಿದ್ರೆ?

ಮಾಡ್ಬೇಡಿ. ತಾಂತ್ರಿಕವಾಗಿ ಆಗತ್ತೆ, ಪ್ರತಿ ಮಷಿನ್‌ಗೂ ನಿಮ್ಮ ಸರ್ಟಿಫಿಕೇಟ್ ಹಾಕಿ ಸುರಂಗ ಒಡೆದು ನೋಡೋದು. ಅಂದ್ರೆ ವಿದ್ಯಾರ್ಥಿಗಳ ಪಾಸ್‌ವರ್ಡು, ಬ್ಯಾಂಕ್ ವಿವರ ನಿಮ್ಮ ಮಷಿನ್ನಲ್ಲಿ ತೆರೆದ ಪುಸ್ತಕ ಆಗತ್ತೆ. ಬೇರೆಯವರ ಫೋನಿಗೆ ಇದನ್ನ ಹಾಕೋದು ತಪ್ಪು ಅನ್ನೋದ್ರಲ್ಲಿ ನನಗೆ ಎರಡನೇ ಮಾತಿಲ್ಲ. ಅಷ್ಟು ಮಾಡಿದ್ರೂ ಸರ್ಟಿಫಿಕೇಟ್ ಪಿನ್ ಮಾಡಿರೋ (ಗೊತ್ತು ಮಾಡಿದ ಸರ್ಟಿಫಿಕೇಟ್ ಬಿಟ್ಟು ಬೇರೆ ಒಪ್ಪದ) ಆ್ಯಪುಗಳು ನಿಂತೇ ಹೋಗತ್ತೆ.

ಡಿಸ್ಕು, ರ‍್ಯಾಮು ಎಷ್ಟು ಬೇಕು? ಎಲ್ಲಾ ಹಾಕಿದೀನಿ ಆದ್ರೂ ಹಿಟ್ (ಕೇಳಿದ ಫೈಲು ಕ್ಯಾಶಿಂದಲೇ ಸಿಗೋದು) ಬರ್ತಿಲ್ಲ.

64 ಬಿಟ್ ಮಷಿನ್ನಲ್ಲಿ ಡಿಸ್ಕ್ ಕ್ಯಾಶಿನ ಪ್ರತಿ 1 ಜಿಬಿಗೆ ಇಂಡೆಕ್ಸ್‌ಗೆ ಅಂತ ಸುಮಾರು 14 ಎಂಬಿ ರ‍್ಯಾಮ್ ಬೇಕು. 100 ಜಿಬಿ ಇಟ್ರೆ 1.4 ಜಿಬಿ, ಅದರ ಮೇಲೆ ‘ಕ್ಯಾಶ್_ಮೆಮ್’ (ರ‍್ಯಾಮಲ್ಲೇ ಇಡೋ ಕ್ಯಾಶ್), ಅದರ ಮೇಲೆ ಓಎಸ್. 8 ಜಿಬಿ ರ‍್ಯಾಮು, ಒಂದು ಎಸ್‌ಎಸ್‌ಡಿ ಇದ್ರೆ ನಮ್ಮ ಉದಾಹರಣೆಗೆ ಧಾರಾಳ.

ಹಿಟ್ ಬರ್ತಿಲ್ಲ ಅಂದ್ರೆ ಮೊದಲು ‘ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್’ ನೋಡಿ. ಸುಮ್ನೆ ಬಿಟ್ರೆ ಅದು 4 ಎಂಬಿ, ಅದಕ್ಕಿಂತ ದೊಡ್ಡ ಫೈಲು ಡಿಸ್ಕಿಗೆ ಹೋಗೋದೇ ಇಲ್ಲ, ಅಂದ್ರೆ ನೀವು ಯಾವುದಕ್ಕೆ ಅಂತ ಕ್ಯಾಶ್ ಹಾಕಿದ್ರೋ ಆ ಫೈಲುಗಳೇ ಉಳಿಯಲ್ಲ. 1 ಜಿಬಿಗೆ ಏರಿಸಿ, ಆ ಸಾಲು ‘ಕ್ಯಾಶ್_ಡಿರ್’ ಸಾಲಿಗಿಂತ ಮೇಲೆ ಇರ್ಲಿ.

ಆಮೇಲೆ ‘ಕೊಲ್ಯಾಪ್ಸ್ಡ್_ಫಾರ್ವರ್ಡಿಂಗ್’. ಬೆಳಗ್ಗೆ ಲ್ಯಾಬ್ ಬಾಗಿಲು ತೆಗೆದು 60 ಮಷಿನ್ ಒಟ್ಟಿಗೆ ಆನ್ ಮಾಡಿದಾಗ 60ಕ್ಕೂ ಒಂದೇ ಕ್ಷಣಕ್ಕೆ ಅದೇ ಫೈಲ್ ಬೇಕು, ಕ್ಯಾಶಲ್ಲಿ ಇನ್ನೂ ಅದು ಬಂದಿಲ್ಲ, ಹಂಗಾಗಿ ಸ್ಕ್ವಿಡ್ 60 ಸಲ ಹೊರಗೆ ಹೋಗತ್ತೆ. ಇದನ್ನ ಆನ್ ಮಾಡಿದ್ರೆ ಮೊದಲನೇ ರಿಕ್ವೆಸ್ಟ್ ಮಾತ್ರ ಹೊರಗೆ, ಮಿಕ್ಕವು ಅದರಲ್ಲೇ ಪಾಲು ತಗೊಳ್ಳತ್ತೆ. ಇದು ಕೆಲಸ ಮಾಡೋಕೂ ಕಾರ್ಪೇ ಬೇಕು, ಯಾಕಂದ್ರೆ 60 ರಿಕ್ವೆಸ್ಟೂ ಒಂದೇ ಸ್ಕ್ವಿಡ್‌ಗೆ ಬಂದು ಸೇರಿದ್ರೆ ತಾನೇ ಅದು ಒಂದು ಮಾಡೋದು.

ಜರ್ನಲ್ ಸೈಟುಗಳು ಒಮ್ಮೆ ತೆರೆಯತ್ತೆ, ಒಮ್ಮೆ ದುಡ್ಡು ಕೇಳತ್ತೆ. ಯಾಕೆ?

ಐಇಇಇ ಎಕ್ಸ್‌ಪ್ಲೋರ್ ಥರದ ಸೈಟುಗಳಿಗೆ ಕಾಲೇಜಿನ ಸ್ಟ್ಯಾಟಿಕ್ ಐಪಿ ಕೊಟ್ಟು ನೋಂದಾಯಿಸಿರ್ತೀರಿ. ಎರಡನೇ ಲೈನಿಂದ ಹೋದವರು ಅವರ ಪಾಲಿಗೆ ಹೊರಗಿನವರು. ಆ ಡೊಮೇನುಗಳ ಪಟ್ಟಿ ಮಾಡಿ, ಅವು ಬಂದ್ರೆ ಸ್ಟ್ಯಾಟಿಕ್ ಐಪಿ ಇರೋ ಪೇರೆಂಟಿಗೆ ಮಾತ್ರ ಅಂತ ‘ಕ್ಯಾಶ್_ಪೀರ್_ಆಕ್ಸೆಸ್’ನಲ್ಲಿ ಮೊದಲೇ ಬರ್ದಿಡಿ. ಲೈಬ್ರರಿಯನ್ ಹತ್ರ ಪಟ್ಟಿ ಇರತ್ತೆ, ಕೇಳಿ ತಗೊಳ್ಳಿ.

ಹಂಚಿಕೆ ಸರಿಯಾಗಿ ಆಗ್ತಿದೆ ಅಂತ ತಿಳಿಯೋದು ಹೆಂಗೆ?

10.0.0.11ನ್ನ ಪ್ರಾಕ್ಸಿ ಅಂತ ಕೊಟ್ಟು ಕರ್ಲ್ ಕಮ್ಯಾಂಡಲ್ಲಿ ಪಬ್ಲಿಕ್ ಐಪಿ ತೋರ್ಸೋ ಯಾವುದಾದ್ರೂ ಸೈಟು ತೆಗೀರಿ, ಆಮೇಲೆ 12 ಕೊಟ್ಟು ತೆಗೀರಿ, ಎರಡು ಬೇರೆ ಐಪಿ ಬರ್ಬೇಕು. ಮುಂದಿನ ಸ್ಕ್ವಿಡ್ಡಿನ ಆಕ್ಸೆಸ್ ಲಾಗಲ್ಲಿ ಮಾಮೂಲಿ ಎಚ್‌ಟಿಟಿಪಿ ಸಾಲಿಗೆ ಕಾರ್ಪ್ ಅಂತಾನೂ ಕನೆಕ್ಟ್ ಸಾಲಿಗೆ ಸೋರ್ಸ್‌ಹ್ಯಾಶ್ ಪೇರೆಂಟ್ ಅಂತಾನೂ ಇರ್ಬೇಕು, ಡೈರೆಕ್ಟ್ ಅಂತ ಕಂಡ್ರೆ ನೆವರ್_ಡೈರೆಕ್ಟ್ ಬಿಟ್ಟಿದೀರಿ ಅಂತ ಅರ್ಥ. ಹಿಂದಿನವುಗಳ ಲಾಗಲ್ಲಿ ಟಿಸಿಪಿ_ಹಿಟ್ ಎಷ್ಟು, ಟಿಸಿಪಿ_ಮಿಸ್ ಎಷ್ಟು ಅಂತ ಎಣಿಸೋವಾಗ ರಿಕ್ವೆಸ್ಟ್ ಸಂಖ್ಯೆಗಿಂತ ಬೈಟ್ ಲೆಕ್ಕ ಮುಖ್ಯ, ಸಾವಿರ ಸಣ್ಣ ಐಕಾನ್ ಹಿಟ್ ಆಗೋದಕ್ಕಿಂತ ಒಂದು ದೊಡ್ಡ ಪ್ಯಾಕೇಜ್ ಹಿಟ್ ಆಗೋದು ಲೈನಿಗೆ ಹಗುರ.

ಲಾಗ್ ಎಷ್ಟು ದಿನ ಇಡ್ಬೇಕು? ಸೆಕ್ಯುರಿಟಿಗೆ ಇನ್ನೇನು ನೋಡ್ಬೇಕು?

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು ಸಿಸ್ಟಂ ಲಾಗುಗಳನ್ನ 180 ದಿನ ಇಟ್ಕೋಬೇಕು ಅಂತಿದೆ. ಹಿಂದಿನ ಸ್ಕ್ವಿಡ್ಡುಗಳ ಲಾಗಲ್ಲಿ ಎಲ್ಲಾ ಮುಂದಿನ ಸ್ಕ್ವಿಡ್ಡಿನ ಐಪಿಯೇ ಕಾಣೋದು, ಯಾರು ಅನ್ನೋದು ಇರೋದು ಮುಂದಿನದರಲ್ಲಿ, ಅದನ್ನ ಜೋಪಾನ ಮಾಡಿ, ಮತ್ತೆ ಅದನ್ನ ಯಾರು ಬೇಕಾದ್ರೂ ಓದೋ ಹಂಗಿರಬಾರ್ದು. 3128ನೇ ಪೋರ್ಟ್ ಹೊರಗಿನ ಇಂಟರ್ನೆಟ್ಟಿಗೆ ತೆರೆದಿರ್ಲೇಬಾರ್ದು, ತೆರೆದ ಪ್ರಾಕ್ಸಿ ಹುಡುಕ್ಕೊಂಡು ಬರೋರು ಬೇಗ ಬರ್ತಾರೆ, ನಿಮ್ಮ ಐಪಿಯಿಂದ ಅವರು ಮಾಡೋ ಕೆಲಸಕ್ಕೆ ನೀವು ಉತ್ತರ ಹೇಳ್ಬೇಕಾಗತ್ತೆ. ಹಿಂದಿನವು ಮುಂದಿನದರ ಐಪಿ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆಗೀಬಾರ್ದು.

ಮುಂದಿನ ವರ್ಷ ಮೂರನೇ ಲೈನ್ ಬರತ್ತೆ. ಎಲ್ಲಾ ಮೊದಲಿಂದ ಮಾಡ್ಬೇಕಾ?

ಬೇಡ. ಹಿಂದೆ 10.0.0.13 ಅಂತ ಇನ್ನೊಂದು ಸ್ಕ್ವಿಡ್ ನಿಲ್ಲಿಸಿ, ರೂಟರಲ್ಲಿ ಒಂದು ನಿಯಮ, ಮುಂದಿನದರಲ್ಲಿ ಕಾರ್ಪ್‌ಗೊಂದು ಸೋರ್ಸ್‌ಹ್ಯಾಶ್‌ಗೊಂದು ಸಾಲು ಸೇರಿಸಿ. ಕಾರ್ಪಿನ ಒಳ್ಳೇತನ ಇರೋದೇ ಇದರಲ್ಲಿ, ಹೊಸಬ ಬಂದಾಗ ಹಳಬರ ಹತ್ರ ಇದ್ದದ್ದು ಅವನ ಪಾಲಿನಷ್ಟು ಮಾತ್ರ ಕೈ ಬದಲಾಗತ್ತೆ, ಮೂರೂ ಸಮ ವೇಟ್ ಇದ್ರೆ ಮೂರನೇ ಒಂದು ಭಾಗ, ಮಿಕ್ಕಿದ್ದು ಇದ್ದಲ್ಲೇ ಇರತ್ತೆ. ಸೋರ್ಸ್‌ಹ್ಯಾಶಲ್ಲೂ ಹಂಗೇ, ಒಂದಷ್ಟು ಜನರ ಲೈನ್ ಬದಲಾಗಿ ಲಾಗಿನ್ ಒಮ್ಮೆ ಹೋಗ್ಬೋದು, ಅದಕ್ಕೇ ಈ ಬದಲಾವಣೆಯನ್ನ ಪರೀಕ್ಷೆ ಫಾರಂ ತುಂಬೋ ವಾರದಲ್ಲಿ ಮಾಡ್ಬೇಡಿ, ರಜೆಯಲ್ಲಿ ಒಂದು ರಾತ್ರಿ ಮಾಡಿ ಮುಗಿಸಿ.